ಗ್ನೂಕೋಬಾಲ್ 3.2: ಚೀಲದ ಚೀಟಿ ಓದುತ್ತದೆ, ಕೇಳಿದರೆ ಒಳಗೆ ಕೈಯನ್ನೂ ಹಾಕುತ್ತದೆ

ತಂಗಿಯ ಮಗ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಪೈಥಾನ್, ಕ್ಲೌಡ್ ಅಂತೆಲ್ಲ ಆಸೆ ಇಟ್ಟುಕೊಂಡು ಹೋದವನನ್ನು ಮೇನ್‌ಫ್ರೇಮ್ ಟೀಮಿಗೆ, ಅಂದರೆ ದೊಡ್ಡ ಕಂಪನಿಗಳ ಭಾರೀ ಕಂಪ್ಯೂಟರ್‌ಗಳಲ್ಲಿ ಹಳೇ ಕೋಬಾಲ್ ಭಾಷೆಯ ಪ್ರೋಗ್ರಾಂ ನೋಡಿಕೊಳ್ಳುವವರ ಜೊತೆ ಹಾಕಿದ್ದರು. ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿದ. ಅಳುವುದೊಂದು ಬಾಕಿ.

"ದೊಡ್ಡಮ್ಮ, ಕೋಬಾಲ್‌ನಲ್ಲಿ ಒಂದು ವೇರಿಯಬಲ್ ಟೈಪ್ ಏನು ಅಂತ ಹೇಗೆ ಕೇಳೋದು? ಪೈಥಾನ್‌ನಲ್ಲಿ ಟೈಪ್ ಅಂತ ಬರೆದು ಬ್ರಾಕೆಟ್ ಒಳಗೆ ಹೆಸರು ಹಾಕಿದ್ರೆ ಅದೇ ಹೇಳುತ್ತೆ. ಇಲ್ಲಿ ಅಂಥದ್ದು ಸಿಗ್ತಾನೇ ಇಲ್ಲ."

"ಸಿಗಲ್ಲ ಕಣೋ. ಇದ್ದರೆ ತಾನೇ ಸಿಗೋದು."

"ಮತ್ತೆ ನೀನು ಇಷ್ಟು ವರ್ಷ ಹೇಗೆ ಮಾಡ್ದೆ?"

ಕೇಳಬೇಕಾದ ಪ್ರಶ್ನೆಯೇ. ವೇರಿಯಬಲ್ ಅಂದರೆ ಪ್ರೋಗ್ರಾಂ ಒಂದು ಮೌಲ್ಯ ಇಟ್ಟುಕೊಳ್ಳುವ ಹೆಸರಿನ ಜಾಗ, ಟೈಪ್ ಅಂದರೆ ಅಲ್ಲಿ ಅಂಕಿ ಇರಬೇಕೋ ಅಕ್ಷರ ಇರಬೇಕೋ ಅನ್ನುವುದು. 1999ರಲ್ಲಿ ವೈ2ಕೆ, ಅಂದರೆ 2000ನೇ ಇಸವಿ ಬಂದರೆ ಹಳೇ ಪ್ರೋಗ್ರಾಂಗಳ ತಾರೀಖು ಕೆಡುತ್ತದೆ ಅನ್ನುವ ಗಡಿಬಿಡಿಯಲ್ಲಿ ಕಂಪನಿಗಳು ಸಿಕ್ಕಸಿಕ್ಕವರಿಗೆಲ್ಲ ಕೋಬಾಲ್ ಕಲಿಸುತ್ತಿದ್ದಾಗ ನಾನೂ ಸೇರಿಕೊಂಡೆ. ನನ್ನದು ಗಣಿತದ ಬಿಎಸ್ಸಿ. ಆಮೇಲೆ 20 ವರ್ಷಕ್ಕೂ ಮೇಲೆ ಬೇರೆಯವರು ಬರೆದ ಪ್ರೋಗ್ರಾಂಗಳನ್ನು ರಿಪೇರಿ ಮಾಡುತ್ತಾ ಕೂತೆ. ಈಗ ಕೆಲಸ ಬಿಟ್ಟಿದ್ದೇನೆ. ಮನೆಯಲ್ಲಿ ಮೇನ್‌ಫ್ರೇಮ್ ಇಲ್ಲ, ಇರುವುದು ನಾಲ್ಕು ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್. ಅದರಲ್ಲಿ ಉಬುಂಟು 22.04 ಲಿನಕ್ಸ್. ಹುಡುಗನಿಗೆ ಕಲಿಸಲು ಗ್ನೂಕೋಬಾಲ್ ಹಾಕಿಕೊಂಡೆ. ಬರೆದ ಕೋಬಾಲನ್ನು ಮಾಮೂಲಿ ಲ್ಯಾಪ್‌ಟಾಪ್‌ನಲ್ಲೇ ಓಡುವ ಹಾಗೆ ಮಾಡಿಕೊಡುವ ಕಂಪೈಲರ್ ಅದು. ನಾಲ್ಕು ತಿಂಗಳು ಪ್ರತಿ ಭಾನುವಾರ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಂಪೈಲರ್‌ನ ಎಲ್ಲ ಗುಣಗಳ ವಿಮರ್ಶೆ ಅಲ್ಲ ಇದು. ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದು: ಒಂದು ವೇರಿಯಬಲ್ ಏನು, ಅದರೊಳಗೆ ಏನಿದೆ ಅಂತ ತಿಳಿಯಲು ಇದು ಎಷ್ಟು ಸಹಾಯ ಮಾಡುತ್ತದೆ?

ಇವೆರಡು ಬೇರೆ ಬೇರೆ ಪ್ರಶ್ನೆ ಅಂತ ಹುಡುಗನಿಗೆ ಹೇಳಲು ನನ್ನ ಅಪ್ಪನನ್ನು ಕರೆತರಬೇಕಾಯಿತು. ಅಪ್ಪ ಸಾಗರದಲ್ಲಿ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಚೀಲಗಳ ಮೇಲೆ ಚೀಟಿ ಇರುತ್ತಿತ್ತು. ರಾಶಿ, ಬೆಟ್ಟೆ, ಗೊರಬಲು, ಚಾಲಿ ಅಂತ. ಆದರೆ ಚೀಟಿ ನೋಡಿ ರೇಟು ಹೇಳಿದ ಖರೀದಿದಾರನನ್ನು ನಾನು ಕಂಡಿಲ್ಲ. ತೋಳಿನವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ತೆಗೆದು, ಒಂದು ಅಡಿಕೆ ಕತ್ತರಿಸಿ ನೋಡಿದ ಮೇಲೇ ಮಾತು. ಕೋಬಾಲ್‌ನಲ್ಲಿ ಪ್ರತಿ ವೇರಿಯಬಲ್‌ಗೂ ಅದರ ಆಕಾರ ಹೇಳುವ ಪಿಕ್ಚರ್, ಒಳಗೆ ಇಡುವ ರೀತಿ ಹೇಳುವ ಯೂಸೇಜ್ ಅಂತ ಬರೆಯುತ್ತೇವಲ್ಲ, ಅದು ಚೀಟಿ. ಮೆಮೊರಿಯಲ್ಲಿ ನಿಜವಾಗಿ ಕೂತಿರುವ ಬೈಟ್‌ಗಳು ಅಡಿಕೆ. ಭಾಷೆ ಇವೆರಡೂ ಒಂದೇ ಅಂತ ನಂಬಿಕೊಂಡು ಓಡುತ್ತದೆ.

ಹಾಕಿಕೊಳ್ಳುವಾಗಲೇ ಒಂದು ಎಡವಟ್ಟು ಆಗಬಹುದು, ಮೊದಲೇ ಹೇಳಿಬಿಡುತ್ತೇನೆ. ಉಬುಂಟು 22.04ರಲ್ಲಿ ಸುಮ್ನೆ ಗ್ನೂಕೋಬಾಲ್ ಅಂತ ಕೇಳಿದರೆ 4 ಅನ್ನುವ ಆವೃತ್ತಿ ಬಂದು ಕೂರುತ್ತದೆ. ದೊಡ್ಡ ಸಂಖ್ಯೆ, ಹೊಸದಿರಬೇಕು ಅಂದುಕೊಳ್ಳುತ್ತೇವೆ ಅಲ್ವಾ? ಅದು 2020ರಲ್ಲಿ ಇನ್ನೂ ಕಟ್ಟುತ್ತಿದ್ದ ಕೆಲಸದ ಪ್ರತಿ. ಸರಿಯಾಗಿ ಬಿಡುಗಡೆ ಆದದ್ದು 3ರ ಸಾಲು, 3.2 ಬಂದದ್ದು 2023ರಲ್ಲಿ. ನಾನು 3.2ರ ಮೂಲ ಕೋಡ್ ಇಳಿಸಿಕೊಂಡು ನಾನೇ ಕಟ್ಟಿಕೊಂಡೆ. ಒಂದು ಸಂಜೆ ಹೋಯಿತು. ಅಷ್ಟು ತಾಳ್ಮೆ ಇಲ್ಲದವರು ಪ್ಯಾಕೇಜಿನ ಹೆಸರಿನ ಕೊನೆಗೆ 3 ಸೇರಿಸಿ ಕೇಳಿ.

ಇದು ಪುಕ್ಕಟೆ. ಮೊದಲು ಓಪನ್‌ಕೋಬಾಲ್ ಅಂತ ಹೆಸರಿತ್ತು, ಶುರು ಮಾಡಿದವರು ಜಪಾನಿನ ಕೆಯ್‌ಸುಕೆ ನಿಶಿದಾ. ನಾವು ಬರೆದ ಕೋಬಾಲನ್ನು ಇದು ಸಿ ಭಾಷೆಗೆ ತಿರುಗಿಸಿ, ಆಮೇಲೆ ಸಿ ಕಂಪೈಲರ್‌ಗೆ ಕೊಡುತ್ತದೆ. ಆಜ್ಞೆಯ ಹೆಸರು ಕಾಬ್‌ಸಿ.

ಪರೀಕ್ಷೆಗೆ ಅಂತ ಒಂದು ಅಡಿಕೆ ಲೆಕ್ಕದ ರೆಕಾರ್ಡ್ ಬರೆದೆವು. ಬೆಳೆಗಾರರ ಹೆಸರಿಗೆ ಪಿಕ್ ಎಕ್ಸ್(20). ಚೀಲಗಳ ಲೆಕ್ಕಕ್ಕೆ ಪಿಕ್ 9(3). ತೂಕಕ್ಕೆ ಪಿಕ್ ಎಸ್9(5)ವಿ99 ಕಾಂಪ್-3. ಮೊತ್ತಕ್ಕೆ ಪಿಕ್ ಎಸ್9(7)ವಿ99 ಕಾಂಪ್-3. ಕೊನೆಗೆ ದರ್ಜೆಯ ಸಂಖ್ಯೆಗೆ ಪಿಕ್ ಎಸ್9(2) ಕಾಂಪ್.

ಇದನ್ನು ಓದುವುದು ಹೇಗೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪಿಕ್ ಅಂದರೆ ಪಿಕ್ಚರ್, ಬ್ರಾಕೆಟ್‌ನಲ್ಲಿರುವುದು ಅಂಥವು ಎಷ್ಟು ಅನ್ನುವುದು. ಎಕ್ಸ್ ಅಂದರೆ ಯಾವ ಅಕ್ಷರ ಬೇಕಾದರೂ. 9 ಅಂದರೆ ಅಂಕಿ. ಎಸ್ ಅಂದರೆ ಪ್ಲಸ್ ಮೈನಸ್ ಇರುತ್ತದೆ. ವಿ ಅಂದರೆ ದಶಮಾಂಶ ಬಿಂದು ಇಲ್ಲಿದೆ ಅಂತ ಅಂದುಕೊಳ್ಳಿ, ಆದರೆ ಅದಕ್ಕೆ ಜಾಗ ಇಲ್ಲ. 475.50 ಅಂತ ಇಟ್ಟರೆ ಒಳಗೆ ಇರುವುದು 47550 ಮಾತ್ರ, ಬಿಂದು ಎಲ್ಲಿದೆ ಅಂತ ಚೀಟಿಗೇ ಗೊತ್ತು. ಕಾಂಪ್-3 ಅಂದರೆ ಒಂದು ಬೈಟಿನಲ್ಲಿ ಎರಡು ಅಂಕಿ ತುರುಕುವುದು, ಕೊನೆಯ ಅರ್ಧ ಬೈಟ್ ಚಿಹ್ನೆಗೆ. ಏಳು ಅಂಕಿಯ ತೂಕಕ್ಕೆ ನಾಲ್ಕು ಬೈಟ್, ಒಂಬತ್ತು ಅಂಕಿಯ ಮೊತ್ತಕ್ಕೆ ಐದು. ಬರೀ ಕಾಂಪ್ ಅಂದರೆ ಬೈನರಿ.

ಈಗ ಹುಡುಗನ ಪ್ರಶ್ನೆ. ಟೈಪ್ ಏನು?

ಅವನು ಮೊದಲು ಮಾಡಿದ್ದು ಲೆಂತ್ ಕೇಳಿದ್ದು. ಮೊತ್ತಕ್ಕೆ 5 ಅಂತ ಬಂತು. "ಐದು ಬೈಟ್ ಅಂತೆ, ಹಾಗಾದ್ರೆ ಐದು ಅಂಕಿನಾ?" ಅಂದ. ಐದು ಬೈಟಿನ ವೇರಿಯಬಲ್ ಎಕ್ಸ್(5) ಆಗಿರಬಹುದು, 9(5) ಆಗಿರಬಹುದು, ಒಂಬತ್ತು ಅಂಕಿಯ ಕಾಂಪ್-3 ಕೂಡ ಆಗಿರಬಹುದು. ಉದ್ದ ಹೇಳಿದರೆ ಜಾತಿ ಹೇಳಿದಂತಾಗಲಿಲ್ಲ.

ಗ್ನೂಕೋಬಾಲ್ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಕಂಪೈಲ್ ಮಾಡುವಾಗ ಡ್ಯಾಶ್ ಟಿ ಹಾಕಿ ಒಂದು ಫೈಲಿನ ಹೆಸರು ಕೊಟ್ಟರೆ ಲಿಸ್ಟಿಂಗ್, ಅಂದರೆ ಕಂಪೈಲ್ ಮಾಡಿದ್ದರ ವರದಿ ಬರೆಯುತ್ತದೆ. ಜೊತೆಗೆ ಟಿಸಿಂಬಲ್ಸ್ ಅನ್ನುವ ಆಯ್ಕೆ ಸೇರಿಸಿದರೆ ಕೊನೆಯಲ್ಲಿ ಒಂದು ಪಟ್ಟಿ ಬರುತ್ತದೆ. ಸೈಜ್, ಟೈಪ್, ಲೆವೆಲ್, ಹೆಸರು, ಪಿಕ್ಚರ್ ಅಂತ ಕಂಬ ಕಂಬವಾಗಿ. ರೆಕಾರ್ಡ್ ಪೂರ್ತಿ ಗ್ರೂಪ್ ಅಂತ, ಹೆಸರು ಆಲ್ಫಾನ್ಯೂಮರಿಕ್ ಅಂತ, ಉಳಿದವು ನ್ಯೂಮರಿಕ್ ಅಂತ. ಹುಡುಗನ ಮುಖ ಆಗ ಸ್ವಲ್ಪ ಅರಳಿತು. ಮೇನ್‌ಫ್ರೇಮ್‌ನಲ್ಲಿ ಇದೇ ಕೆಲಸಕ್ಕೆ ನಾವು ಮ್ಯಾಪ್ ಅನ್ನುವ ಆಯ್ಕೆ ಹಾಕುತ್ತಿದ್ದೆವು. ಅಲ್ಲಿ ಪ್ಯಾಕ್ಡ್-ಡೆಕ್, ಡಿಸ್ಪ್-ನಮ್ ಅಂತ ಇನ್ನೂ ಬಿಡಿಸಿ ಬರುತ್ತದೆ. ಇಲ್ಲಿ ಅಷ್ಟು ಬಿಡಿಸುವುದಿಲ್ಲ. ಮೊತ್ತ ಪ್ಯಾಕ್ಡ್, ಅಂದರೆ ಕಾಂಪ್-3, ಅಂತ ತಿಳಿಯಲು ಪಿಕ್ಚರ್ ಕಂಬದವರೆಗೆ ಕಣ್ಣು ಹಾಯಿಸಬೇಕು. ಪರವಾಗಿಲ್ಲ.

ಇದರ ಬೆಲೆ ಸಣ್ಣ ಪ್ರೋಗ್ರಾಂನಲ್ಲಿ ಗೊತ್ತಾಗುವುದಿಲ್ಲ. ಕಂಪನಿಗಳ ಪ್ರೋಗ್ರಾಂಗಳಲ್ಲಿ ರೆಕಾರ್ಡ್‌ಗಳೆಲ್ಲ ಕಾಪಿಬುಕ್ ಅನ್ನುವ ಬೇರೆ ಫೈಲುಗಳಲ್ಲಿ ಇರುತ್ತವೆ. ಒಂದರೊಳಗೆ ಇನ್ನೊಂದು, ರೀಡಿಫೈನ್ಸ್ ಹಾಕಿ ಅದೇ ಬೈಟ್‌ಗಳಿಗೆ ಎರಡನೇ ಹೆಸರು, ಎರಡನೇ ಟೈಪ್. ಲಿಸ್ಟಿಂಗ್ ಅವನ್ನೆಲ್ಲ ಬಿಡಿಸಿ ಒಂದು ಕಡೆ ಇಡುತ್ತದೆ. ಹೊಸ ಕೆಲಸಕ್ಕೆ ಸೇರಿದವರು ಬೇರೆ ಏನೂ ಮಾಡದಿದ್ದರೂ ಇದೊಂದನ್ನು ತೆಗೆದು ಪಕ್ಕಕ್ಕೆ ಇಟ್ಟುಕೊಳ್ಳಿ.

ಅದೇ ಪಟ್ಟಿಯಲ್ಲಿ ನನಗೇ ಒಂದು ಪಾಠ ಆಯಿತು. ರೆಕಾರ್ಡ್‌ನ ಒಟ್ಟು ಉದ್ದ 33 ಅಂತ ಬಂತು. ನಾನು ಮನಸ್ಸಿನಲ್ಲೇ 34 ಅಂತ ಲೆಕ್ಕ ಹಾಕಿ ಕೂತಿದ್ದೆ. 20, 3, 4, 5, ಆಮೇಲೆ 2. ಎಲ್ಲಿ ಹೋಯಿತು ಒಂದು ಬೈಟ್? ಕೂಡಿದ್ದೆ, ಮತ್ತೆ ಕೂಡಿದೆ. ಹುಡುಗ ನಗುತ್ತಿದ್ದ. ಕೊನೆಗೆ ನೋಡಿದರೆ ದರ್ಜೆಯ ಸಂಖ್ಯೆ, ಆ ಎಸ್9(2) ಕಾಂಪ್. ಐಬಿಎಂ ಯಂತ್ರದಲ್ಲಿ ಬೈನರಿ ಎರಡು ಬೈಟಿನಿಂದ ಶುರು: ಎರಡು, ನಾಲ್ಕು, ಎಂಟು. ಗ್ನೂಕೋಬಾಲ್‌ನ ಮಾಮೂಲಿ ಅಳತೆ ಒಂದರಿಂದ ಶುರು: ಒಂದು, ಎರಡು, ನಾಲ್ಕು, ಎಂಟು. ಎಸ್‌ಟಿಡಿ ಅನ್ನುವ ಆಯ್ಕೆಯಲ್ಲಿ ಐಬಿಎಂ ಅಂತ ಕೊಟ್ಟು ಮತ್ತೆ ಕಂಪೈಲ್ ಮಾಡಿದೆ. 34 ಬಂತು. ಅದೇ ಕೋಡ್, ಅದೇ ಪಿಕ್ಚರ್, ಒಂದು ಬೈಟ್ ವ್ಯತ್ಯಾಸ. ಸಾಲಿನ ನಡುವೆ ಇಂಥದ್ದೊಂದು ಇದ್ದರೆ ಅದರ ಮುಂದಿನ ಫೀಲ್ಡ್‌ಗಳೆಲ್ಲ, ಅಂದರೆ ರೆಕಾರ್ಡ್‌ನ ಒಳಗಿನ ವೇರಿಯಬಲ್‌ಗಳೆಲ್ಲ, ಒಂದೊಂದು ಬೈಟ್ ಜರುಗಿ ಕೂರುತ್ತವೆ. ಮೇನ್‌ಫ್ರೇಮ್ ಕೆಲಸಕ್ಕೆ ಕಲಿಯುವವರು ಆ ಆಯ್ಕೆ ಇಲ್ಲದೆ ಇದನ್ನು ಓಡಿಸಲೇಬೇಡಿ.

ಕಂಪೈಲ್ ಮಾಡುವಾಗ ಹಿಡಿಯುವ ತಪ್ಪುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೆಸರಿನ ಫೀಲ್ಡ್‌ಗೆ ಒಂದು ಕೂಡು ಅಂದರೆ ಇದು ಸಂಖ್ಯೆ ಅಲ್ಲ ಅಂತ ನಿಲ್ಲಿಸುತ್ತದೆ. ಮೂರು ಅಂಕಿಯ ಜಾಗಕ್ಕೆ 12345 ಹಾಕಿದರೆ ಮೌಲ್ಯ ದೊಡ್ಡದಾಯಿತು ಅಂತ ಎಚ್ಚರಿಸಿ, ಮೌಲ್ಯದ ಉದ್ದ 5, ಜಾಗದ ಉದ್ದ 3 ಅಂತ ಲೆಕ್ಕವನ್ನೂ ಹೇಳುತ್ತದೆ. ಚೆನ್ನಾಗಿದೆ. ಒಂದು ತಮಾಷೆ ಮಾತ್ರ ಹೇಳಬೇಕು. ಮೊತ್ತವನ್ನು ಪ್ರಿಂಟ್ ಮಾಡಲು ನಮ್ಮ ಲಕ್ಷ ಕೋಟಿಯ ಅಲ್ಪವಿರಾಮ ಬೇಕು ಅಂತ ಹುಡುಗ ಕೇಳಿದ. ಕೋಬಾಲ್‌ನಲ್ಲಿ ಅದು ನೀರು ಕುಡಿದಷ್ಟು ಸುಲಭ. ಪಿಕ್ಚರ್‌ನಲ್ಲೇ ಝಡ್ ಗುರುತುಗಳ ನಡುವೆ ಬೇಕಾದಲ್ಲಿ ಕಾಮಾ ಇಟ್ಟರೆ 20,20,202.02 ಅಂತ ನಮ್ಮ ಹಾಗೇ ಬರುತ್ತದೆ. ಆದರೆ ಹಾಗೆ ಬರೆದ ಫೀಲ್ಡ್ ಸಂಖ್ಯೆಯ ವೇಷ ಹಾಕಿದ ಅಕ್ಷರಮಾಲೆ. ಅದಕ್ಕೆ ಒಂದು ಕೂಡು ಅಂದರೆ ಕಂಪೈಲರ್ ಒಪ್ಪುವುದಿಲ್ಲ. ಲೆಕ್ಕ ಬೇರೆ ಫೀಲ್ಡ್‌ನಲ್ಲಿ ಮಾಡಿ, ತೋರಿಸುವಾಗ ಮಾತ್ರ ಇದಕ್ಕೆ ಹಾಕಬೇಕು.

20,20,202.02 ಅನ್ನುವ ಸಂಖ್ಯೆಯನ್ನು ಸುಮ್ನೆ ಆರಿಸಲಿಲ್ಲ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು 2004ರ ಒಂದು ರಾತ್ರಿ.

ಹೊರದೇಶದ ಒಂದು ವಿಮಾ ಕಂಪನಿಯ ಕೆಲಸ. ಹೆಸರು ಬೇಡ. ರಾತ್ರಿ ಪಾಳಿಯಲ್ಲಿ ನಾನು, ಜೊತೆಗೆ ಒಬ್ಬ ಆಪರೇಟರ್. ಎರಡೂ ಮುಕ್ಕಾಲರ ಹೊತ್ತಿಗೆ ತಿಂಗಳ ಕೊನೆಯ ಜಾಬ್ ಓಡುತ್ತಾ ಓಡುತ್ತಾ ನಡುವೆಯೇ ನಿಂತು ಬಿತ್ತು. ಎಸ್ ಸೊನ್ನೆ ಸಿ 7. ನಾವು ಬಾಯಲ್ಲಿ ಸಾಕ್-ಸೆವೆನ್ ಅಂತಿದ್ದೆವು. ಸಂಖ್ಯೆ ಇರಬೇಕಾದ ಜಾಗದಲ್ಲಿ ಸಂಖ್ಯೆ ಅಲ್ಲದ್ದು ಸಿಕ್ಕಿದಾಗ ಯಂತ್ರ ಕೊಡುವ ಏಟು ಅದು. ಯಾವ ಫೀಲ್ಡ್ ಅಂತ ಅದು ಹೇಳುವುದಿಲ್ಲ. ಒಂದು ಆಫ್‌ಸೆಟ್, ಅಂದರೆ ಪ್ರೋಗ್ರಾಂನ ಶುರುವಿನಿಂದ ಎಷ್ಟು ದೂರದಲ್ಲಿ ಅನ್ನುವ ಸಂಖ್ಯೆ ಕೊಡುತ್ತದೆ. ಅದನ್ನು ಹಿಡಿದು ಲಿಸ್ಟಿಂಗ್‌ನಲ್ಲಿ ಸಾಲು ಹುಡುಕಿ, ಸಾಲಿನಲ್ಲಿ ಫೀಲ್ಡ್ ಹುಡುಕಿ, ಫೀಲ್ಡ್‌ನ ವಿಳಾಸ ಲೆಕ್ಕ ಹಾಕಿ, ಡಂಪ್‌ನಲ್ಲಿ, ಅಂದರೆ ಬಿದ್ದ ಕ್ಷಣದ ಮೆಮೊರಿಯ ಪ್ರತಿಯಲ್ಲಿ, ಆ ವಿಳಾಸಕ್ಕೆ ಹೋಗಬೇಕು. ಹೋದೆ. ಅಲ್ಲಿ 40 40 40 40 40 ಅಂತ ಕೂತಿತ್ತು.

ಮೇನ್‌ಫ್ರೇಮ್‌ನ ಅಕ್ಷರ ಪದ್ಧತಿಯಲ್ಲಿ 40 ಅಂದರೆ ಖಾಲಿ ಜಾಗ, ಸ್ಪೇಸ್. ಕಾಂಪ್-3 ಫೀಲ್ಡ್‌ನ ಕೊನೆಯ ಅರ್ಧ ಬೈಟಿನಲ್ಲಿ ಸಿ, ಡಿ, ಎಫ್ ಥರದ ಚಿಹ್ನೆ ಇರಬೇಕು. ಇಲ್ಲಿ ಸೊನ್ನೆ ಇತ್ತು. ಯಾರೋ ಒಬ್ಬರು ರೆಕಾರ್ಡ್ ಸ್ವಚ್ಛ ಮಾಡೋಣ ಅಂತ ಇಡೀ ಗ್ರೂಪಿಗೆ ಸ್ಪೇಸ್ ಮೂವ್ ಮಾಡಿದ್ದರು, ಅಂದರೆ ತುಂಬಿಸಿದ್ದರು. ಗ್ರೂಪ್ ಅಂದರೆ ಕೋಬಾಲ್ ಕಣ್ಣಿಗೆ ಬರೀ ಅಕ್ಷರಗಳ ಸಾಲು, ಒಳಗೆ ಪ್ಯಾಕ್ಡ್ ಇದೆಯೋ ಬೈನರಿ ಇದೆಯೋ ನೋಡುವುದಿಲ್ಲ. ಬಣ್ಣ ಬಳಿಯುವವನು ಗೋಡೆ ಜೊತೆ ಸ್ವಿಚ್ಚಿಗೂ ಬಳಿದ ಹಾಗೆ. ಇನಿಶಿಯಲೈಸ್ ಅಂತ ಬರೆದಿದ್ದರೆ ಸಂಖ್ಯೆಗೆ ಸೊನ್ನೆ, ಅಕ್ಷರಕ್ಕೆ ಸ್ಪೇಸ್ ಅಂತ ಬೇರೆ ಬೇರೆ ತುಂಬುತ್ತಿತ್ತು. ಒಂದು ಪದದ ತಪ್ಪು. ಹುಡುಕಿ ಮುಗಿಸುವಾಗ ಬೆಳಗಾಗಿತ್ತು. ಕ್ಯಾಂಟೀನಿನವನು ಉಪ್ಪಿಟ್ಟು ತಂದಿಟ್ಟಿದ್ದು ನೆನಪಿದೆ, ತಿಂದದ್ದು ನೆನಪಿಲ್ಲ.

ಇದೇ ತಪ್ಪನ್ನು ಬೇಕೆಂದೇ ಗ್ನೂಕೋಬಾಲ್‌ನಲ್ಲಿ ಮಾಡಿದೆವು. ಅಡಿಕೆ ರೆಕಾರ್ಡ್‌ಗೆ ಸ್ಪೇಸ್ ಮೂವ್ ಮಾಡಿ, ಆಮೇಲೆ ಮೊತ್ತಕ್ಕೆ ಕೂಡಲು ಹೋದೆವು. ಎರಡು ಸಲ ಓಡಿಸಿದೆವು.

ಮೊದಲ ಸಲ ಯಾವ ವಿಶೇಷ ಆಯ್ಕೆಯೂ ಇಲ್ಲದೆ. ಪ್ರೋಗ್ರಾಂ ಬೀಳಲಿಲ್ಲ. ಗೊಣಗಲೂ ಇಲ್ಲ. ಇದೇ ನನಗೆ ಹಿಡಿಸದ ಸಂಗತಿ. ಲ್ಯಾಪ್‌ಟಾಪ್‌ನ ಅಕ್ಷರ ಪದ್ಧತಿಯಲ್ಲಿ ಸ್ಪೇಸ್ ಅಂದರೆ 20. ಐದು ಬೈಟ್ 20 20 20 20 20. ಅರ್ಧರ್ಧ ಬೈಟನ್ನು ಅಂಕಿ ಅಂತ ಓದಿ, ಕೊನೆಯದನ್ನು ಚಿಹ್ನೆಗೆ ಬಿಟ್ಟು, ವಿ ಇರುವಲ್ಲಿ ಬಿಂದು ಇಟ್ಟರೆ ಎಷ್ಟಾಗುತ್ತದೆ ಗೊತ್ತಾ? 20,20,202.02. ಒಂದು ಗುಂಜಿ ಅಡಿಕೆ ತೂಗದೆ ಬೆಳೆಗಾರನ ಖಾತೆಗೆ ಇಪ್ಪತ್ತು ಲಕ್ಷ. ಮೇನ್‌ಫ್ರೇಮ್ ಅಂದು ರಾತ್ರಿ ನನ್ನನ್ನು ಎಬ್ಬಿಸಿ ಬೈದಿದ್ದೇ ವಾಸಿ ಅನ್ನಿಸಿತು.

ಎರಡನೇ ಸಲ ಕಂಪೈಲ್ ಮಾಡುವಾಗ ಡ್ಯಾಶ್ ಡಿಬಗ್ ಹಾಕಿದೆವು. ಕೂಡುವ ಸಾಲಿಗೆ ಬಂದ ಕೂಡಲೇ ನಿಂತಿತು. ಫೈಲಿನ ಹೆಸರು, ಸಾಲಿನ ಸಂಖ್ಯೆ, ವೇರಿಯಬಲ್‌ನ ಹೆಸರು, ಅದರ ಟೈಪ್, ಇದು ನ್ಯೂಮರಿಕ್ ಅಲ್ಲ ಅನ್ನುವ ದೂರು, ಒಳಗೆ ಏನು ಸಿಕ್ಕಿತು ಅನ್ನುವುದು, ಎಲ್ಲ ಒಂದೇ ಸಾಲಿನಲ್ಲಿ. ನಾನು ಅದನ್ನು ಎರಡು ಸಲ ಓದಿದೆ. ನನ್ನ ಒಂದು ಇಡೀ ರಾತ್ರಿ ಆ ಒಂದು ಸಾಲಿನಲ್ಲಿತ್ತು. ಹುಡುಗನಿಗೆ ಅದು ಮಾಮೂಲಿ ಎರರ್ ಮೆಸೇಜ್. "ಏನಾಯ್ತು ದೊಡ್ಡಮ್ಮ?" ಅಂದ. ಏನಿಲ್ಲ ಅಂದೆ.

ಇದರ ಜೊತೆಗೆ ಎಫ್‌ಡಂಪ್ ಅನ್ನುವ ಆಯ್ಕೆಯೂ 3ರ ಸಾಲಿನಲ್ಲಿದೆ. ಪ್ರೋಗ್ರಾಂ ಬಿದ್ದಾಗ ಎಲ್ಲ ಫೀಲ್ಡ್‌ಗಳನ್ನು ಹೆಸರಿನ ಸಮೇತ, ಆ ಕ್ಷಣದ ಮೌಲ್ಯದ ಸಮೇತ ಬರೆದಿಡುತ್ತದೆ. ವಿಳಾಸ ಲೆಕ್ಕ ಹಾಕುವ ತಾಪತ್ರಯ ಇಲ್ಲ.

ಇಷ್ಟು ಒಳ್ಳೆಯ ಕೆಲಸವನ್ನು ಮಾಮೂಲಾಗಿ ಮಾಡದೆ, ಕೇಳಿದರೆ ಮಾತ್ರ ಮಾಡುತ್ತದೆ ಅನ್ನುವುದಕ್ಕೆ ಐದಕ್ಕೆ ಒಂದು ಅಂಕ ಕಳೆಯುತ್ತೇನೆ. ಕಾರಣ ಗೊತ್ತು, ಪ್ರತಿ ಲೆಕ್ಕಕ್ಕೂ ತಪಾಸಣೆ ಅಂದರೆ ಓಟ ನಿಧಾನವಾಗುತ್ತದೆ. ಐಬಿಎಂ ಕಂಪೈಲರ್‌ನಲ್ಲೂ 6.2ರಲ್ಲಿ ಬಂದ ನಮ್‌ಚೆಕ್ ಇದೇ ಥರದ ತಪಾಸಣೆ, ಅದನ್ನೂ ನಾವೇ ಕೇಳಿ ಹಾಕಿಕೊಳ್ಳಬೇಕು. ಆದರೂ ಗ್ನೂಕೋಬಾಲ್ ಬಳಸುವವರಲ್ಲಿ ಕಲಿಯುವವರು ಜಾಸ್ತಿ. ಅವರಿಗೆ ಇದು ತಾನಾಗಿ ಸಿಗಬೇಕಿತ್ತು.

ಇನ್ನು ಡ್ಯಾಶ್ ಡಿಬಗ್ ಎಲ್ಲವನ್ನೂ ಹಿಡಿಯುತ್ತದೆ ಅಂತ ಅಂದುಕೊಳ್ಳಬೇಡಿ. ಬರೀ ಕಾಂಪ್, ಅಂದರೆ ಬೈನರಿ ಫೀಲ್ಡ್‌ನಲ್ಲಿ ತಪ್ಪು ಬೈಟ್ ಅನ್ನುವುದೇ ಇಲ್ಲ. ಯಾವ ಬಿಟ್‌ಗಳನ್ನು ತುಂಬಿದರೂ ಅದು ಒಂದಲ್ಲ ಒಂದು ಸಂಖ್ಯೆ. ಅಲ್ಲಿಗೆ ಸ್ಪೇಸ್ ಹೋಗಿ ಕೂತರೆ ಯಾರೂ ದೂರು ಕೊಡುವುದಿಲ್ಲ. ಇನ್ನೊಂದು, ಎಕ್ಸ್ ಫೀಲ್ಡ್‌ನಿಂದ 9 ಫೀಲ್ಡ್‌ಗೆ ಮೂವ್ ಮಾಡುವುದು. ಭಾಷೆಯ ನಿಯಮದಲ್ಲಿ ಇದಕ್ಕೆ ಅಡ್ಡಿ ಇಲ್ಲ. ಎಕ್ಸ್‌ನಲ್ಲಿ ಕಸ ಇದ್ದರೆ 9ರಲ್ಲಿ ಏನೋ ಒಂದು ಅಂಕಿ ಬಂದು ಕೂರುತ್ತದೆ, ನೋಡಲು ಅಂಕಿಯ ಹಾಗೇ ಇರುತ್ತದೆ. ಆಮೇಲೆ ಯಾರೂ ಕಂಡುಹಿಡಿಯಲಾರರು. ಮೂವ್‌ಗೆ ಮೊದಲೇ ನಾವೇ ಕೈ ಹಾಕಿ ನೋಡಬೇಕು.

ಅದಕ್ಕೆ ಕೋಬಾಲ್‌ನ ಹಳೇ ಪ್ರಶ್ನೆ ಇದೆ: ಇಫ್ ಇಂಥದ್ದು ಈಸ್ ನ್ಯೂಮರಿಕ್. ಭಾಷೆಯೇ ಕೊಟ್ಟಿರುವ ತಪಾಸಣೆ ಇದು, ಕಟ್ಟುನಿಟ್ಟು ಜಾಸ್ತಿ. ಎಕ್ಸ್(5)ರಲ್ಲಿ 123 ಬರೆದು ಎರಡು ಸ್ಪೇಸ್ ಉಳಿದರೆ ಅಲ್ಲ ಅನ್ನುತ್ತದೆ. 12.5 ಅಂದರೂ ಅಲ್ಲ, ಬಿಂದು ಇದೆಯಲ್ಲ. ಐದೂ ಜಾಗದಲ್ಲಿ ಅಂಕಿಯೇ ಇರಬೇಕು. ಜನ ಟೈಪ್ ಮಾಡಿದ್ದನ್ನು ಪರೀಕ್ಷಿಸಲು ಟೆಸ್ಟ್-ನಮ್‌ವಾಲ್ ಅನ್ನುವ ಫಂಕ್ಷನ್ ವಾಸಿ. ಸರಿ ಇದ್ದರೆ 0 ಕೊಡುತ್ತದೆ. ತಪ್ಪಿದ್ದರೆ ಎಷ್ಟನೇ ಅಕ್ಷರದಲ್ಲಿ ತಪ್ಪಿದೆ ಅಂತ ಹೇಳುತ್ತದೆ. 12 ಆದ ಮೇಲೆ ಒಂದು ಇಂಗ್ಲಿಷ್ ಎ ಬಂದರೆ 3 ಅಂತ. ಸುತ್ತಲಿನ ಸ್ಪೇಸ್, ಬಿಂದು, ಚಿಹ್ನೆ ಇದಕ್ಕೆ ಸಮ್ಮತ. ಗ್ನೂಕೋಬಾಲ್‌ನಲ್ಲಿ ಇದು ಇದೆ. ನಾನು ಕೆಲಸ ಮಾಡಿದ ಹಳೇ ಪ್ರೋಗ್ರಾಂಗಳಲ್ಲಿ ಇದರ ಬದಲು ಒಂದೊಂದೇ ಅಕ್ಷರ ನೋಡುವ ನಲವತ್ತು ಸಾಲಿನ ಪ್ಯಾರಾಗ್ರಾಫ್ ಇರುತ್ತಿತ್ತು. ಪ್ರತಿ ಪ್ರೋಗ್ರಾಂನಲ್ಲೂ ಒಂದೊಂದು.

ಕನ್ನಡ ಹಾಕಿದರೆ ಏನಾಗುತ್ತದೆ ಅಂತ ನೋಡದೆ ಇರಲಾಗಲಿಲ್ಲ. ಎಕ್ಸ್(10)ರ ಒಂದು ಫೀಲ್ಡ್‌ಗೆ "ಸಾಗರ" ಮೂವ್ ಮಾಡಿದೆ. ಮೂರೇ ಅಕ್ಷರ, ಹತ್ತು ಜಾಗ, ಧಾರಾಳ ಅಂದುಕೊಂಡರೆ ಕೆಟ್ಟಿರಿ. ಯುನಿಕೋಡ್‌ನಲ್ಲಿ ಸ, ದೀರ್ಘದ ಗುರುತು, ಗ, ರ ಅಂತ ನಾಲ್ಕು. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು ಹನ್ನೆರಡು. ಎಕ್ಸ್ ಎಣಿಸುವುದು ಬೈಟ್, ಅಕ್ಷರ ಅಲ್ಲ. ಹತ್ತಕ್ಕೆ ಕತ್ತರಿಸಿತು. ಪರದೆಯ ಮೇಲೆ "ಸಾಗ" ಆದ ಮೇಲೆ ಒಂದು ಮುರಿದ ಗುರುತು. ಅದೇ ಫೀಲ್ಡ್‌ಗೆ ಆಲ್ಫಾಬೆಟಿಕ್ ಹೌದೇ ಅಂತ ಕೇಳಿದರೆ ಅಲ್ಲ ಅನ್ನುತ್ತದೆ. ಅದರ ಕಣ್ಣಲ್ಲಿ ಅಕ್ಷರ ಅಂದರೆ ಇಂಗ್ಲಿಷಿನ ಅಕ್ಷರ ಮತ್ತು ಸ್ಪೇಸ್ ಅಷ್ಟೇ. 1959ರಲ್ಲಿ ಅಮೆರಿಕದಲ್ಲಿ ಕೂತು ಈ ಭಾಷೆ ಮಾಡಿದವರನ್ನು ಇದಕ್ಕೆ ಬೈಯುವುದು ನ್ಯಾಯ ಅಲ್ಲ. ಕನ್ನಡ ಹೆಸರು ಇಡುವವರು ಅಕ್ಷರ ಎಣಿಸಿ ಜಾಗ ಬಿಡಬೇಡಿ, ಬೈಟ್ ಎಣಿಸಿ.

ಮೇನ್‌ಫ್ರೇಮ್‌ಗೂ ಇದಕ್ಕೂ ಇರುವ ಇನ್ನೊಂದು ಅಂತರ ಹೇಳಲೇಬೇಕು, ಯಾಕೆಂದರೆ ಹುಡುಗ ಇದರಲ್ಲಿ ಒಂದು ಭಾನುವಾರ ಪೂರ್ತಿ ಸಿಕ್ಕಿಹಾಕಿಕೊಂಡಿದ್ದ. ಚಿಹ್ನೆ ಇರುವ ಡಿಸ್‌ಪ್ಲೇ ಸಂಖ್ಯೆಯಲ್ಲಿ, ಅಂದರೆ ಅಂಕಿಗೊಂದು ಬೈಟ್ ಇಡುವ ಸಂಖ್ಯೆಯಲ್ಲಿ, ಮೈನಸ್ ಗುರುತಿಗೆ ಬೇರೆ ಜಾಗ ಇರುವುದಿಲ್ಲ, ಕೊನೆಯ ಅಂಕಿಯ ಜೊತೆಗೇ ಸೇರಿರುತ್ತದೆ. ಮೇನ್‌ಫ್ರೇಮ್‌ನಲ್ಲಿ ಮೈನಸ್ 5 ಅನ್ನುವುದು ದೊಡ್ಡ ಎನ್ ಆಗಿ ಕಾಣುತ್ತದೆ. ಗ್ನೂಕೋಬಾಲ್‌ನಲ್ಲಿ ಅದೇ ಮೈನಸ್ 5 ಸಣ್ಣ ಯು. ನಾನು ಅಭ್ಯಾಸಕ್ಕೆ ಅಂತ ಮೇನ್‌ಫ್ರೇಮ್ ರೀತಿಯಲ್ಲಿ ಕೈಯಾರೆ ಬರೆದುಕೊಟ್ಟ ಫೈಲ್ ಓದಿಸಿ, "ಮೈನಸ್ ಎಲ್ಲ ಹಾಳಾಗಿದೆ" ಅಂತ ಕೂತಿದ್ದ. ಎಫ್‌ಸೈನ್ ಅನ್ನುವ ಆಯ್ಕೆಯಲ್ಲಿ ಎಬ್ಸಿಡಿಕ್ (ಮೇನ್‌ಫ್ರೇಮ್‌ನ ಅಕ್ಷರ ಪದ್ಧತಿಯ ಹೆಸರು) ಅಂತ ಕೊಟ್ಟರೆ ಎನ್ ಅದಕ್ಕೂ ಅರ್ಥವಾಗುತ್ತದೆ. ಪ್ಯಾಕ್ಡ್ ಫೀಲ್ಡ್ ಇರುವ ಫೈಲನ್ನು ಮಾತ್ರ ಟೆಕ್ಸ್ಟ್ ಅಂತ ಪರಿವರ್ತಿಸಿ ಇಳಿಸಿಕೊಳ್ಳಬೇಡಿ. ಪರಿವರ್ತಿಸುವ ಯಂತ್ರಕ್ಕೆ ಅದು ಅಂಕಿ ಅಂತ ಗೊತ್ತಿಲ್ಲ, ಅಕ್ಷರ ಅಂದುಕೊಂಡು ಬದಲಾಯಿಸುತ್ತದೆ. ಹಾಗೆ ಹಾಳಾದದ್ದನ್ನು ಯಾವ ಆಯ್ಕೆಯೂ ಸರಿಮಾಡುವುದಿಲ್ಲ. ಇನ್ನು ಆಫೀಸಿನ ಡೇಟಾ ಮನೆ ಲ್ಯಾಪ್‌ಟಾಪಿಗೆ ತರುವ ಯೋಚನೆ ಕೂಡ ಮಾಡಬೇಡಿ. ಅದು ಬೇರೆಯೇ ರಾಮಾಯಣ.

ಸಣ್ಣಪುಟ್ಟ ಕಿರಿಕಿರಿಗಳೂ ಇವೆ. ಮಾಮೂಲಿಯಾಗಿ ಇದು ಹಳೇ ಪಂಚ್ ಕಾರ್ಡಿನ ಕಾಲದ ಅಳತೆಯನ್ನೇ ನಿರೀಕ್ಷಿಸುತ್ತದೆ: ಮೊದಲ ಆರು ಕಾಲಂ ಬಿಡಬೇಕು, ಏಳನೆಯದು ಗುರುತಿಗೆ, ಎಂಟರಿಂದ ಬರಹ, 72ಕ್ಕೆ ನಿಲ್ಲಬೇಕು. ಗೊತ್ತಿಲ್ಲದೆ ಮೊದಲ ಕಾಲಂನಿಂದ ಬರೆದರೆ ಅರ್ಥವಾಗದ ಎರರ್‌ಗಳ ಮಳೆ. ಡ್ಯಾಶ್ ಫ್ರೀ ಹಾಕಿದರೆ ಬಿಡುಗಡೆ. ಆದರೆ ಕೆಲಸದಲ್ಲಿ ಇರುವುದು ಹಳೇ ಅಳತೆಯೇ, ಅದರಲ್ಲೇ ರೂಢಿ ಮಾಡಿಕೊ ಅಂತ ಹುಡುಗನಿಗೆ ಹೇಳಿದ್ದೇನೆ. ಎರಡನೆಯದು, ಆಯ್ಕೆಗಳ ರಾಶಿ. ಹೆಲ್ಪ್ ತೆಗೆದರೆ ಪರದೆಗಟ್ಟಲೆ ಉರುಳುತ್ತದೆ, ಯಾವುದು ಮುಖ್ಯ ಅಂತ ಹೊಸಬರಿಗೆ ತಿಳಿಯುವುದಿಲ್ಲ. ನಾನು ಒಂದು ಚೀಟಿಯಲ್ಲಿ ಮೂರೇ ಬರೆದುಕೊಟ್ಟೆ: ಡಿಬಗ್, ಐಬಿಎಂ ರೀತಿಯ ಎಸ್‌ಟಿಡಿ, ಲಿಸ್ಟಿಂಗ್. ಅದನ್ನು ಅವನು ಮಾನಿಟರ್ ಕೆಳಗೆ ಅಂಟಿಸಿಕೊಂಡಿದ್ದಾನಂತೆ.

ಬರೀ ಚೀಟಿ ಓದುವುದೇ ಸಾಕು ಅನ್ನುವವರಿಗೆ ವಿಎಸ್ ಕೋಡ್ ಎಡಿಟರ್‌ನಲ್ಲಿ ಸೇರಿಸಿಕೊಳ್ಳುವ ಐಬಿಎಂನ ಝಡ್ ಓಪನ್ ಎಡಿಟರ್ ಇದೆ. ವೇರಿಯಬಲ್ ಮೇಲೆ ಮೌಸ್ ಇಟ್ಟರೆ ಅದರ ಪಿಕ್ಚರ್, ಅದು ಯಾವ ಗ್ರೂಪಿನ ಒಳಗಿದೆ ಅನ್ನುವುದು ಅಲ್ಲೇ ತೋರುತ್ತದೆ. ಕಣ್ಣಿಗೆ ಹಿತ. ಹುಡುಗನಿಗೆ ಲಿಸ್ಟಿಂಗ್‌ಗಿಂತ ಅದೇ ಇಷ್ಟ. ಆದರೆ ಅದು ಪ್ರೋಗ್ರಾಂ ಓಡಿಸಿ ಒಳಗೆ ಏನಿದೆ ಅಂತ ನೋಡುವ ಸಾಧನ ಅಲ್ಲ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.

ಹೋದ ವಾರ ರಾತ್ರಿ ಹತ್ತಕ್ಕೆ ಹುಡುಗನಿಂದ ಮೆಸೇಜ್ ಬಂತು. ಅಭ್ಯಾಸಕ್ಕೆ ಅಂತ ಮನೆಯವರದೆಲ್ಲ ಫೋನ್ ನಂಬರ್ ಇರುವ ಒಂದು ಫೈಲ್ ಮಾಡಿ, ಪಿಕ್ 9(10)ರಲ್ಲಿ ಓದಿಸಿ, ಈಸ್ ನ್ಯೂಮರಿಕ್ ಅಂತ ಕೇಳಿದ್ದಾನೆ.

"ದೊಡ್ಡಮ್ಮ, ಎಲ್ಲರದ್ದೂ ಸರಿ ಇದೆ. ಅಪ್ಪನ ನಂಬರ್ ಮಾತ್ರ ನಂಬರೇ ಅಲ್ಲ ಅಂತಿದೆ."

ಅವನಪ್ಪನ ನಂಬರನ್ನು ಪ್ಲಸ್ 91 ಸೇರಿಸಿ ಬರೆದಿದ್ದ. ಮೊದಲ ಜಾಗದಲ್ಲೇ ಪ್ಲಸ್ ಕೂತಿತ್ತು, ಕೊನೆಯ ಮೂರು ಅಂಕಿ ಹೊರಗೆ ಬಿದ್ದಿದ್ದವು. ಅಪ್ಪನ ನಂಬರನ್ನು ಯಾವತ್ತಾದರೂ ಕೂಡ್ತೀಯಾ, ಕಳೀತೀಯಾ ಅಂತ ಕೇಳಿದೆ. ಇಲ್ಲ ಅಂದ. ಹಾಗಾದ್ರೆ ಅದು 9 ಯಾಕೆ, ಎಕ್ಸ್(15) ಮಾಡು ಅಂದೆ. ಒಂದು ಹೆಬ್ಬೆರಳಿನ ಗುರುತು ಬಂತು. ಐದು ನಿಮಿಷ ಬಿಟ್ಟು ಇನ್ನೊಂದು ಮೆಸೇಜ್: "ಪಿನ್‌ಕೋಡ್?"